ದೊಡ್ಡಿಯ ಹುಲ್ಲಿನ ಬಿಲ್ಲು

ಸೊಣ್ಣೇನಹಳ್ಳಿ, ಬೇತಮಂಗಲದ ಹತ್ತಿರ
9 ಏಪ್ರಿಲ್ 1987

ಗಂಗರತ್ನಮ್ಮನಿಗೆ,

ಇಪ್ಪತ್ತೆರಡು ವರ್ಷ ಆದಮೇಲೆ ಇವಳ ಕಾಗದ ಬಂತು ಅಂತ ಹಿಗ್ಗಬೇಡ. ಕೆಲಸ ಬಿದ್ದಿದೆ, ಅದಕ್ಕೆ ಬರೀತಿದೀನಿ. ಕ್ಷೇಮ ಸಮಾಚಾರ ಕೊನೇಲಿ, ಜಾಗ ಉಳಿದರೆ.

ನಾನು ನಮ್ಮ ಮಂಡಲ ಪಂಚಾಯ್ತಿಗೆ ಪ್ರಧಾನಳಾಗಿದೀನಿ. ಹೆಂಗಸರ ಸೀಟಿಗೆ ನಿಲ್ಲು ಅಂತ ಹಾಲಿನ ಡೈರಿ ಹೆಂಗಸರು ಹಟ ಹಿಡಿದರು. ನಿಂತೆ, ಗೆದ್ದೆ. ಪ್ರಧಾನರನ್ನ ಆರಿಸೋ ದಿನ ಎರಡು ಪಾರ್ಟಿಯೋರೂ ಸಮಸಮ ಬಂದು ಕೂತರು. ಮಧ್ಯಾಹ್ನದವರೆಗೂ ಜಗಳ. ಕೊನೆಗೆ ಚಿಕ್ಕಮುನಿಯಪ್ಪ ಅಂತ, ಹದಿನೈದು ವರ್ಷ ಪಂಚಾಯ್ತಿ ಚೇರ್ಮನ್ ಆಗಿದ್ದೋನು, ಬೀಡಿ ಆರಿಸಿ, "ಆಯಮ್ಮನ್ನೇ ಮಾಡ್ರಲಾ. ಅಸು ಕರಿಯೋಳು, ಏಳಿದ್ ಕಡೆ ಸೈನ್ ಆಕ್ತಾಳೆ" ಅಂದ. ತಾನು ಉಪಪ್ರಧಾನ ಆದ. ನಾನು ಅವನ ಎದುರಿಗೇ ಕೂತಿದ್ದೆ ಕಣೇ.

ಮೊನ್ನೆ ಸೆಕ್ರೆಟರಿ ಬೈರಪ್ಪ ಈ ವರ್ಷದ ಬಜೆಟ್ ಅಂತ ಒಂದು ಕಟ್ಟು ತಂದಿಟ್ಟು ಸೈನ್ ಮಾಡಮ್ಮ ಅಂದ. ಓದಿ ಮಾಡ್ತೀನಿ ಅಂದೆ. ನಮ್ಮ ಎಮ್ಮೆ ಇಂಗ್ಲಿಷ್ ಮಾತಾಡಿದ್ದರೂ ಅವನ ಮುಖ ಅಷ್ಟು ಬಿಳಿಚಿಕೊಳ್ತಿರಲಿಲ್ಲ. "ಇದುವರ್ಗೂ ಯಾರೂ ಓದಿಲ್ಲಮ್ಮ, ಕಣ್ ಓಯ್ತವೆ" ಅಂದ. ಮೂರು ದಿನ ಕೂತು ಓದಿದೆ. ಅಂಕಿ ಎಲ್ಲಾ ಸರಿಯಾಗಿ ಕೂಡುತ್ತೆ. ಅದೇ ನನಗೆ ಅನುಮಾನ. ನಮ್ಮನೆ ಲೆಕ್ಕ ಒಂದು ದಿನವೂ ಕೂಡಿದ್ದಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ನಿಮ್ಮಣ್ಣ ಶ್ರೀನಿವಾಸಪ್ಪನ ಸೈಕಲ್ ಶಾಪಿಗೆ ಹೋಗಿದ್ದೆ. ನೀನು ಆಫ್ರಿಕಾದಲ್ಲಿ ಒಂದು ಇಡೀ ದೇಶಕ್ಕೆ ಬಜೆಟ್ ಮಾಡೋದು ಹೇಳಿಕೊಡ್ತೀಯಂತೆ. ನಿನ್ನ ಕೈಕೆಳಗೆ ಬಿಳಿಯರು ದುಡೀತಾರಂತೆ. ಅಡ್ರೆಸ್ ಕೊಟ್ಟ. ದೇಶಕ್ಕೆ ಮಾಡೋಳಿಗೆ ಒಂಬತ್ತು ಹಳ್ಳಿಗೆ ಮಾಡೋದು ಗೊತ್ತಿರಬೇಕು. ಹೇಗೆ ಅಂತ ಬರಿ. ಬೇಗ ಬರಿ.

ಇಂತಿ,
ಮುನಿನಾರಾಯಣಮ್ಮ

ಜಾಗ ಉಳೀಲಿಲ್ಲ.


ಲಿಂಬೋಲೆ
3 ಮೇ 1987

ಪ್ರಿಯ ಮುನಿನಾರಾಯಣಮ್ಮ,

ನಿನ್ನ ಪತ್ರ ತಲುಪಿತು. ಅದನ್ನು ಆಫೀಸಿನಲ್ಲಿ ಎಲ್ಲರ ಎದುರು ಒಡೆಯಬಾರದಿತ್ತು, ಒಡೆದೆ. ನನ್ನ ಮುಖ ನೋಡಿ ಸಹಾಯಕ ಯೆನ್ಸ್, ಡೆನ್ಮಾರ್ಕಿನವನು, ಯಾರಾದರೂ ತೀರಿಕೊಂಡರೇ ಎಂದು ಮೆಲ್ಲಗೆ ಕೇಳಿದ. ಇಲ್ಲ, ಒಬ್ಬರು ಪ್ರಧಾನರಾದರು ಎಂದೆ.

ನನ್ನ ಕೆಲಸ ಅಣ್ಣ ಹೇಳಿಕೊಂಡಷ್ಟು ದೊಡ್ಡದಲ್ಲ. ಬಡ ದೇಶಗಳಿಗೆ ಸಾಲ ಕೊಡುವ ಒಂದು ಸಂಸ್ಥೆ ನಮ್ಮ ಆರು ಜನರನ್ನು ಈ ದೇಶದ ರಾಜಧಾನಿ ಲಿಂಬೋಲೆಗೆ ಕಳಿಸಿದೆ. ಈ ಸರ್ಕಾರದ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಮಂತ್ರಿಗಳಿಗೆ ಸಲಹೆ ಕೊಡಬೇಕು. "ಆರ್ಥಿಕ ಆಡಳಿತ ಮತ್ತು ಸಾರ್ವಜನಿಕ ಹಣಕಾಸು ತಂಡದ ಮುಖ್ಯಸ್ಥೆ" ಎಂದು ನನ್ನ ಬಾಗಿಲ ಮೇಲೆ ಬರೆಯಲು ಹೋದರು. ಬಾಗಿಲು ಸಾಲದೆ ಕೊನೆಯ ಪದ ಗೋಡೆಯ ಮೇಲಿದೆ.

ಹದಿನಾಲ್ಕು ಪುಟದ ಟಿಪ್ಪಣಿ ಇಟ್ಟಿದ್ದೇನೆ. ಸಾರಾಂಶ ಇಷ್ಟು. ಮೊದಲು ಮೂರು ವರ್ಷದ ಖರ್ಚಿಗೆ ಒಂದು ಚೌಕಟ್ಟು ಹಾಕಿಕೊ. ಆಮೇಲೆ ಆದ್ಯತೆಗಳನ್ನು ಗುರುತಿಸು. ಕೊನೆಗೆ, ಬಜೆಟ್ಟನ್ನು ಜನರಿಗೆ ಕಾಣುವಂತೆ, ಅವರ ಮಾತಿನಲ್ಲಿ ಪ್ರಕಟಿಸು. ಈ ಕೊನೆಯದನ್ನು ನಾನು ಕೆಲಸ ಮಾಡಿದ ಯಾವ ದೇಶವೂ ಮಾಡಿಲ್ಲ. ಆದರೂ ಎಲ್ಲ ವರದಿಯಲ್ಲೂ ಬರೆಯುತ್ತೇವೆ.

ನಿನ್ನ ಯಜಮಾನರು ವೆಂಕಟೇಶಪ್ಪನವರು ಚೆನ್ನಾಗಿದ್ದಾರೆಯೇ?

ವಿಶ್ವಾಸದ,
ಗಂಗರತ್ನ


ಸೊಣ್ಣೇನಹಳ್ಳಿ
12 ಜೂನ್ 1987

ಗಂಗರತ್ನ,

ಹದಿನಾಲ್ಕು ಪುಟವನ್ನೂ ಓದಿದೆ. ಚೌಕಟ್ಟು ಚೌಕಟ್ಟು ಅಂತ ಹನ್ನೊಂದು ಕಡೆ ಬರೆದಿದೀಯ. ನಮ್ಮ ಪಂಚಾಯ್ತಿ ಆಫೀಸಿನ ಬಾಗಿಲಿಗೇ ಚೌಕಟ್ಟಿಲ್ಲ, ಗೆದ್ದಲು ತಿಂದಿದೆ. ಆದ್ಯತೆ ಏನು ಅಂತ ಮೀಟಿಂಗಲ್ಲಿ ಕೇಳಿದೆ. ಒಬ್ಬೊಬ್ಬ ಮೆಂಬರೂ ತನ್ನ ಮನೆ ಮುಂದಿನ ಚರಂಡಿ ಅಂದ. ಉಳಿದಿದ್ದು ಕೊನೇದು, ಯಾವ ದೇಶವೂ ಮಾಡದ್ದು. ಅದೇ ಸುಲಭ ಅನ್ನಿಸ್ತು.

ಡೈರಿ ಗೋಡೆ ಮೇಲೆ ಬರೆಸಿಬಿಟ್ಟೆ. ಹೋದ ವರ್ಷದ ಖರ್ಚು ಎಡಕ್ಕೆ, ಈ ವರ್ಷದ್ದು ಬಲಕ್ಕೆ. ಸುಣ್ಣ ಬಳಿದು ಬರೆದೋರು ನಮ್ಮ ಯಜಮಾನರೇ. ಅವರು ಮಾತಾಡೋ ಹಾಗೇ ಬರೀತಾರೆ. ಹಾಗಾಗಿ "ದೊಡ್ಡಿ ದನದ ಉಲ್ಲು, 2,340 ರೂಪಾಯಿ" ಅಂತ ಗೋಡೆ ಮೇಲೆ ಬಂತು. ಹಕಾರ ಹಾಕ್ರಿ ಅಂದೆ. "ಉಲ್ಲೇ ಇಲ್ಲ, ಹಕಾರ ಎಲ್ಲಿಂದ ತರ್ಲಿ" ಅಂದರು.

ಬೆಳಿಗ್ಗೆ ಹಾಲು ಹಾಕೋಕೆ ಬಂದ ಹೆಂಗಸರು ಕ್ಯಾನ್ ಕೆಳಗಿಟ್ಟು ಓದಿದರು. ಓದೋಕೆ ಬರದೋರಿಗೆ ಬರೋರು ಓದಿ ಹೇಳಿದರು. ಪೆದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎವರಿ ಆವುಲು ಇವಿ?" ಅಂದಳು ತೆಲುಗಲ್ಲಿ, ಯಾರ ಹಸು ಇವು ಅಂತ. ತುಡುಗು ದನ ಕೂಡಿಹಾಕೋ ಆ ದೊಡ್ಡಿಗೆ ಗೇಟು ಬಿದ್ದೇ ಐದು ವರ್ಷ ಆಯ್ತು. ಸೊಣ್ಣಮ್ಮ ಹೇಳಿದಳು, "ನನ್ ಅಸೂನ ಅಲ್ಲಿ ಕಟ್ಟಿದ್ದು ಒಂದೇ ಸತಿ. ಆವತ್ತು ಅದು ತಿಂದಿದ್ದು ಸೆಕ್ರೆಟ್ರಿ ಕೊಡೆ!" ಬೈರಪ್ಪ ಪಕ್ಕದ ಆಫೀಸಿನ ಒಳಗಿಂದಲೇ ಹೌದು ಅಂದ. ಕೊಡೆಗೆ ಇನ್ನೂ ಪರಿಹಾರ ಬಂದಿಲ್ಲವಂತೆ.

ಬಿಲ್ ತೆಗೆಸಿ ನೋಡಿದೆ. ಹುಲ್ಲು ಸರಬರಾಜು ಮಾಡಿದೋನು ಚಿಕ್ಕಮುನಿಯಪ್ಪ. ಅವನು ಈಗ ನನ್ನ ಕಂಡರೆ ಬೇಲಿ ಕಡೆ ಮುಖ ತಿರುಗಿಸ್ತಾನೆ.

ಇನ್ನೊಂದು. ನಮ್ಮೋರ ಬಗ್ಗೆ ಕೇಳಿದೀಯ. ನಮ್ಮ ಮದುವೆ ದಿನ ಊಟದ ಪಂಕ್ತಿಯಲ್ಲಿ ನಿಂತು, ಬೀಗರಿಗೆಲ್ಲ ಕೇಳೋ ಹಾಗೆ, "ಹದಿಮೂರರ ಮಗ್ಗಿ ಬರದೋನಿಗೆ ಕ್ಲಾಸಿಗೇ ಫಸ್ಟ್ ಬಂದೋಳನ್ನ ಕೊಡ್ತಿದೀರ" ಅಂದೆಯಲ್ಲ. ನಾನು ನಿನಗೆ ಎದ್ದು ಹೋಗು ಅಂದೆ. ನೀನು ಹೋದೆ. ನಿನ್ನ ಕಾಗದ ಅವರಿಗೆ ಓದಿ ಹೇಳಿದೆ. "ಅವಳು ಸುಳ್ಳೇನೂ ಏಳಿರ್ಲಿಲ್ಲ. ಈಗ್ಲೂ ಬರಲ್ಲ. ಚೆಂದಾಗಿದೀನಿ ಅಂತ ಬರಿ" ಅಂದರು.

ಚೆನ್ನಾಗಿದಾರೆ. ನೀನು ಅಲ್ಲಿ ದಿನಾ ಏನು ಮಾಡ್ತೀಯ, ಪುಟಗಟ್ಟಲೆ ಅಲ್ಲ, ಬಾಯಿ ಮಾತಲ್ಲಿ ಬರಿ.

ಇಂತಿ,
ಮುನಿನಾರಾಯಣಮ್ಮ


ಲಿಂಬೋಲೆ
8 ಜುಲೈ 1987

ಮುನಿನಾರಾಯಣಿ,

ವೆಂಕಟೇಶಪ್ಪನವರಿಗೆ ಈ ನಾಲ್ಕು ಸಾಲು ಓದಿ ಹೇಳು. ನನಗಾಗ ಹದಿನೇಳು ವರ್ಷ. ಬೇತಮಂಗಲದ ಬಸ್ಸಿನಿಂದ ಇಳಿದು ಬರುವವಳಿಗಾಗಿ ದಿನಾ ಹೈಸ್ಕೂಲಿನ ಗೇಟಿನಲ್ಲಿ ಕಾಯುತ್ತಿದ್ದೆ. ಇನ್ನು ಅವಳು ಬರುವುದಿಲ್ಲ ಎನ್ನುವುದನ್ನು ಹೇಳಲು ನನಗೆ ಬರಲಿಲ್ಲ, ಮಗ್ಗಿ ಬಂತು. ತಪ್ಪಾಯಿತು.

ನಿನ್ನ ಗೋಡೆಯ ಕಥೆಯನ್ನು ತಂಡಕ್ಕೆ ಓದಿ ಹೇಳಿದೆ. ಯೆನ್ಸ್ ಎರಡು ಸಲ ಕೊಡೆಯ ಭಾಗ ಓದಿಸಿದ.

ನಾನೇನು ಮಾಡುತ್ತೇನೆ ಎಂದು ಕೇಳಿದೆ. ಈಗ ಕತ್ತರಿ ಹಿಡಿದಿದ್ದೇನೆ. ಇಲ್ಲಿನ ಸರ್ಕಾರದ ಖರ್ಚು ಇಳಿಯದಿದ್ದರೆ ಹೊಸ ಸಾಲ ಇಲ್ಲ ಎಂದು ನಮ್ಮ ಕೇಂದ್ರ ಕಚೇರಿಯ ಹಟ. ಮೂರು ತಿಂಗಳು ಚರ್ಚಿಸಿ ಪಟ್ಟಿ ಮಾಡಿದೆವು. ಸೈನ್ಯವನ್ನು ಮುಟ್ಟುವ ಹಾಗಿಲ್ಲ. ಮಂತ್ರಿಗಳ ಕಾರು ಮುಟ್ಟಿದರೆ ಮಂತ್ರಿಗಳು ಪಟ್ಟಿ ಮುಟ್ಟುವುದಿಲ್ಲ. ಕೊನೆಗೆ ಹಳ್ಳಿಗಳಲ್ಲಿ ಕೈಪಂಪು ನೋಡಿಕೊಳ್ಳುವವರ 1,140 ಹುದ್ದೆ ಸಿಕ್ಕಿತು. ಬೇರೆ ಯಾರಿಗೂ ನೋವಾಗದ ಕಡಿತ. ಅಚ್ಚುಕಟ್ಟಾದ ಕೆಲಸ ಎಂದು ಮೇಲಿನವರು ತಂತಿ ಕಳಿಸಿದ್ದಾರೆ.

ನಿನ್ನ,
ಗಂಗರತ್ನ


ಸೊಣ್ಣೇನಹಳ್ಳಿ
15 ಆಗಸ್ಟ್ 1987

ಗಂಗಾ,

ನಾಲ್ಕು ಸಾಲು ಓದಿ ಹೇಳಿದೆ. ನಮ್ಮೋರು ಎದ್ದು ಹಸುಗೆ ನೀರಿಡೋಕೆ ಹೋದರು. ಬಂದಮೇಲೆ, "ಆಯಮ್ಮ ಊಟ ಅರ್ಧಕ್ಕೇ ಬಿಟ್ಟು ಓಗಿತ್ತು ಆವತ್ತು" ಅಂದರು. ಅವರಿಗೆ ಅದು ನೆನಪಿದೆ ನೋಡು.

ಬೆಳಿಗ್ಗೆ ಬಾವುಟ ಹಾರಿಸಿ ಬಂದು ಕೂತಿದೀನಿ. ಚಿಕ್ಕಮುನಿಯಪ್ಪ ನನ್ನ ಮೇಲೆ ಅವಿಶ್ವಾಸ ನೋಟೀಸು ಕೊಟ್ಟಿದಾನೆ. ಕಾರಣ: "ಪ್ರಧಾನರು ಪಂಚಾಯ್ತಿಯ ಗುಟ್ಟನ್ನು ಗೋಡೆಗೆ ಹೇಳಿದ್ದಾರೆ." ಹದಿಮೂರು ಮೆಂಬರು ಸೈನ್ ಹಾಕಿದಾರೆ, ಇರೋದು ಇಪ್ಪತ್ತೊಂದು ಜನ. ಮುಂದಿನ ತಿಂಗಳು ಕೊನೇಲಿ ಮೀಟಿಂಗು. ನನಗೇನೂ ಬೇಜಾರಿಲ್ಲ. ಮೂರು ದಿನದಿಂದ ಊಟ ಸೇರ್ತಿಲ್ಲ, ಅಷ್ಟೇ.

ನಿನ್ನ ಪಂಪಿನ ವಿಷಯ. ನಮ್ಮೂರ ನೀರು ಬಿಡೋ ಮುನಿಸ್ವಾಮಪ್ಪ ಹೋದ ವಾರ ತಂಗಿ ಮದುವೆಗೆ ಅಂತ ಮುಳಬಾಗಿಲಿಗೆ ಹೋದ. ಎರಡೇ ದಿನ. ಆ ಎರಡು ದಿನದಲ್ಲಿ ನಾಲ್ಕು ಬಿಂದಿಗೆ ಒಡೆದವು, ಅತ್ತಿಗೆ ನಾದಿನಿ ಮಾತು ಬಿಟ್ಟರು, ಸ್ಕೂಲಿಗೆ ರಜ ಕೊಟ್ಟರು. ಅವನು ವಾಪಸ್ ಬಂದಾಗ ಮದುಮಗನಿಗಿಂತ ಹೆಚ್ಚಿಗೆ ಮರ್ಯಾದೆ ಮಾಡಿದರು. ನೀನೂ ಮಾರಿಕುಪ್ಪಂನಲ್ಲಿ ಹುಟ್ಟಿ ಬೆಳೆದು ಹದಿನೆಂಟು ವರ್ಷ ಬೇತಮಂಗಲದ ಕೆರೆ ನೀರೇ ಕುಡಿದಿದ್ದು. ಅದನ್ನ ಬಿಡ್ತಿದ್ದೋನ ಹೆಸರು ಗೊತ್ತಾ? ನನಗೂ ಗೊತ್ತಿಲ್ಲ.

ಆ ಸಾವಿರ ಚಿಲ್ಲರೆ ಜನರಲ್ಲಿ ಒಬ್ಬರನ್ನಾದರೂ ನೋಡಿದೀಯಾ?

ಇಂತಿ ನಿನ್ನ,
ಮುನಿ


ಲಿಂಬೋಲೆ
29 ಸೆಪ್ಟೆಂಬರ್ 1987

ಮುನಿ,

ನೋಡಿರಲಿಲ್ಲ. ಈ ದೇಶಕ್ಕೆ ಬಂದು ಹದಿನಾಲ್ಕು ತಿಂಗಳಾಯಿತು, ರಾಜಧಾನಿಯ ಗಡಿ ದಾಟಿದ್ದು ವಿಮಾನ ನಿಲ್ದಾಣಕ್ಕೆ ಮಾತ್ರ. ನಿನ್ನ ಮೇಲೆ ಸಿಟ್ಟು ಬಂತು. ಎರಡು ದಿನ ಇತ್ತು. ಮೂರನೆಯ ದಿನ ಯೆನ್ಸ್‌ನನ್ನು ಕರೆದುಕೊಂಡು ಜೀಪು ಹತ್ತಿದೆ.

ಎರಡು ದಿನದ ದಾರಿ, ಕೆಂಪು ಮಣ್ಣು. ಊರಿನ ತುದಿಯಲ್ಲಿ ಪಂಪು. ಅದನ್ನು ನೋಡಿಕೊಳ್ಳುವವಳು ಎಸ್ತೆರ್ ಎನ್ನುವ ಮುದುಕಿ. ತೆಳ್ಳಗೆ, ಕೈಯಲ್ಲಿ ಸ್ಪ್ಯಾನರ್. ದುಭಾಷಿಯ ಮೂಲಕ ಬಹಳ ಸೂಕ್ಷ್ಮವಾಗಿ ಕೇಳಿದೆ: "ಒಂದು ವೇಳೆ ನಿಮ್ಮ ಸಂಬಳ ನಿಂತುಹೋದರೆ ಏನು ಮಾಡುತ್ತೀರಿ?"

ಅವಳು ನಕ್ಕಳು. ನಗುತ್ತ ನೆಲದ ಮೇಲೆ ಕೂತಳು. ಪಕ್ಕದ ಮನೆಯವರನ್ನು ಕೂಗಿ ಕರೆದು ನನ್ನ ಕೈಲಿ ಇನ್ನೊಂದು ಸಲ ಕೇಳಿಸಿದಳು. ಅವರೂ ನಕ್ಕರು. "ನಿಂತುಹೋದರೆ ಅಂತೆ!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಅವಳಿಗೆ ಇಪ್ಪತ್ತಾರು ತಿಂಗಳಿಂದ ಸಂಬಳ ಬಂದಿಲ್ಲ. ಕೋಳಿ ಮೊಟ್ಟೆ ಮಾರಿ ಪಂಪಿಗೆ ಗ್ರೀಸು ತರುತ್ತಾಳೆ. ಮುಂದಿನ ಒಂಬತ್ತು ಊರಲ್ಲೂ ಇದೇ ಕಥೆ. ಖಜಾನೆಯಿಂದ ಪ್ರತಿ ತಿಂಗಳೂ ಹಣ ಬಿಡುಗಡೆ ಆಗುತ್ತದೆ, ಕಾಗದ ನಾನೇ ನೋಡಿದ್ದೇನೆ. ಜಿಲ್ಲೆಯ ಕಚೇರಿಗೆ ಬಂದು, ಅಲ್ಲಿಂದ ಮುಂದೆ ಎಲ್ಲಿಗೋ ಹೋಗುತ್ತದೆ.

ನಾವು ಮೂರು ತಿಂಗಳು ಮೀಟಿಂಗ್ ಮಾಡಿ ಕಡಿತ ಮಾಡಿದ್ದು ಯಾರಿಗೂ ಕೊಡದ ಸಂಬಳವನ್ನು. ಜೀಪಿನಲ್ಲಿ ಯೆನ್ಸ್ ಪುಸ್ತಕ ತೆಗೆದು "ನಿಜವಾಗಿ ಸಂಬಳ ಪಡೆದವರು: ಸೊನ್ನೆ" ಎಂದು ಬರೆದು ಅಡಿಗೆರೆ ಎಳೆದ.

ಕಡಿತದ ಪಟ್ಟಿಯಿಂದ ಆ ಹುದ್ದೆಗಳನ್ನು ತೆಗೆದುಹಾಕುತ್ತಿದ್ದೇನೆ. ಅದಲ್ಲದೆ ಇನ್ನೊಂದು. ಯಾವ ಜಿಲ್ಲೆಗೆ ಯಾವ ತಾರೀಖು ಎಷ್ಟು ಸಂಬಳದ ಹಣ ಹೋಗಿದೆ ಎಂದು ಹಾಳೆಗಳಲ್ಲಿ ಬರೆಸಿ ಶಾಲೆ, ಚರ್ಚು, ಸಂತೆಯ ಕಂಬಗಳಿಗೆ ಅಂಟಿಸಲಿದ್ದೇವೆ. ಇಲ್ಲಿನ ಖಜಾನೆಯ ಮುಖ್ಯಾಧಿಕಾರಿ ಒಪ್ಪಿದ್ದಾರೆ. ಮಂತ್ರಿಗಳನ್ನು ನಾನು ಕೇಳಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ.

ನಿನ್ನ ಮೀಟಿಂಗ್ ಮುಗಿದಿರಬೇಕು. ಏನಾಯಿತು? ನನಗೆ ಭಯವಾಗುತ್ತಿದೆ ಮುನಿ. ನಿನಗೂ ಆಗುತ್ತಿತ್ತಾ?

ನಿನ್ನ,
ಗಂಗಾ


ಸೊಣ್ಣೇನಹಳ್ಳಿ
20 ಅಕ್ಟೋಬರ್ 1987

ಗಂಗಾ,

ಆಗ್ತಿತ್ತು. ಆ ದಿನ ಬೆಳಿಗ್ಗೆ ಸೀರೆ ಎರಡು ಸಲ ತಿರುವುಮುರುವು ಉಟ್ಟೆ. ನಮ್ಮೋರು, "ಇವತ್ತು ನಾನೇ ಆಲು ಕರಿತೀನಿ, ನೀನ್ ಓಗು" ಅಂದರು. ಇವಳು ಸೋತು ಬರ್ತಾಳೆ ಅಂತ ಅವರಿಗೆ ಗ್ಯಾರಂಟಿ ಇತ್ತು. ನನಗೂ ಇತ್ತು.

ಹತ್ತು ಗಂಟೆಗೆ ಮೀಟಿಂಗು. ಒಂಬತ್ತೂವರೆಗೆ ನಾನು, ಬೈರಪ್ಪ, ತಾಲ್ಲೂಕಿಂದ ಬಂದ ಆಫೀಸರು, ನನ್ನ ಕಡೆಯ ಏಳು ಜನ ಒಳಗೆ ಕೂತಿದ್ವಿ. ಆಚೆ ಗಂಟೆ ಸದ್ದು. ನೋಡ್ತೀನಿ, ಸೊಣ್ಣಮ್ಮ ಮುಂದೆ, ಪೆದ್ದಮ್ಮ ಹಿಂದೆ, ಡೈರಿಯ ಅಷ್ಟೂ ಹೆಂಗಸರು ತಂತಮ್ಮ ಹಸು ಹೊಡ್ಕೊಂಡು ಬರ್ತಿದಾರೆ. ಐವತ್ತೇಳು ಹಸು, ಹನ್ನೊಂದು ಎಮ್ಮೆ. ನನಗೆ ಒಬ್ಬಳೂ ಒಂದು ಮಾತು ಹೇಳಿರಲಿಲ್ಲ. ಆಫೀಸಿಗೆ ಅಂಟಿಕೊಂಡಿರೋ ದೊಡ್ಡಿಗೆ ಎಲ್ಲಾನೂ ತುಂಬಿದರು. ಅದು ಹಿಡಿಸೋದು ಹದಿನೈದು. ಮಿಕ್ಕಿದ್ದು ಅಂಗಳ, ಮೆಟ್ಟಿಲು, ಬಾಗಿಲು.

ಚಿಕ್ಕಮುನಿಯಪ್ಪ ತನ್ನ ಹನ್ನೆರಡು ಜನರ ಜೊತೆ ಬಂದ. "ಏನಮ್ಮೋ ಇದು?" ಅಂದ.

ಸೊಣ್ಣಮ್ಮ, "ದನ ದೊಡ್ಡಿಗೆ ಬಿಟ್ಟಿದೀವಿ. ಬಿಲ್ಲಲ್ಲಿ ಉಲ್ಲು ಐತಲ್ಲ, ಆಕು" ಅಂದಳು.

"ಅದು ಓದ್ ವರ್ಷದ್ದು ಕಣಮ್ಮ!"

"ನಮ್ ಅಸು ಓದ್ ವರ್ಷದಿಂದ್ಲೂ ಅಸ್ಕೊಂಡೈತೆ."

ಮೆಂಬರುಗಳು ಒಳಗೆ ಬರೋಕೆ ನೋಡಿದರು. ಒಬ್ಬ ಕಂಬ ಹಿಡಿದು ಸೊಣ್ಣಮ್ಮನ ಹಸು ದಾಟೋಕೆ ಹೋದ, ಅದು ಅವನ ಪಂಚೆ ಅಂಚು ಬಾಯಿಗೆ ಹಾಕ್ಕೊಂತು. ಹಸುಗೆ ಹೊಡೆಯೋ ಧೈರ್ಯ ಯಾರಿಗೂ ಇಲ್ಲ, ಪಕ್ಕದಲ್ಲೇ ಅದರ ಯಜಮಾನಿ ನಿಂತಿದಾಳೆ, ಯಜಮಾನಿ ಯಾರು ಅಂದರೆ ಅವನ ಚಿಕ್ಕಮ್ಮ. ಹತ್ತೂವರೆ ಆಯ್ತು. ಹನ್ನೊಂದಾಯ್ತು. ತಾಲ್ಲೂಕಿನ ಆಫೀಸರು ಗಡಿಯಾರ ನೋಡಿ, ಕೋರಂ ಇಲ್ಲ, ಅವಿಶ್ವಾಸ ಬಿದ್ದುಹೋಯ್ತು ಅಂತ ಬರೆದು ಸೈನ್ ಮಾಡಿದರು. ಆಮೇಲೆ ಅವರೂ ಆಚೆ ಹೋಗೋಕೆ ಆಗದೆ ಒಂದು ಗಂಟೆ ಕೂತಿದ್ದರು.

ಹಸು ಮಾತ್ರ ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕಮುನಿಯಪ್ಪನ ಹೆಂಡತಿ ಕನಕಮ್ಮ ತಾನೇ ಗಾಡಿ ಕಟ್ಟಿಸಿ ಮನೆ ಬಣವೆಯಿಂದ ಎರಡು ಗಾಡಿ ಹುಲ್ಲು ತಂದು ಹಾಕಿಸಿದಳು. ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ, "ತಿನ್ಲಿ ಬಿಡಕ್ಕ, ಬಾಯಿಲ್ಲದವು" ಅಂದಳು. ನನಗೆ ಗೆದ್ದ ಖುಷಿಯೆಲ್ಲ ಒಂದು ಗಳಿಗೆ ಇಳಿದುಹೋಯ್ತು. ಅವಳೂ ನಮ್ಮ ಡೈರಿಯೋಳೇ.

ಈಗ ಹುಲ್ಲಿನ ಹಣ ಈ ವರ್ಷದಿಂದ ಇಲ್ಲ. ಅದರಲ್ಲಿ ಆಫೀಸಿಗೆ ಬಾಗಿಲು ಹಾಕಿಸ್ತಿದೀವಿ, ಬೈರಪ್ಪನಿಗೆ ಒಂದು ಕೊಡೆ.

ನಿನ್ನ ಹಾಳೆ ಅಂಟಿಸಿದೆಯಾ?

ಇಂತಿ ನಿನ್ನ,
ಮುನಿ


ಲಿಂಬೋಲೆ
14 ಡಿಸೆಂಬರ್ 1987

ಮುನಿ,

ಅಂಟಿಸಿದೆವು. ಮೂರು ಜಿಲ್ಲೆಯಲ್ಲಿ ಪಂಪು ಕಾಯುವವರು ಹಾಳೆ ಕಿತ್ತುಕೊಂಡು ಕಚೇರಿಗೆ ನುಗ್ಗಿದರಂತೆ. ಮಂತ್ರಿಗಳು ನನ್ನನ್ನು ಕರೆಸಿ ಚಹಾ ಕೊಡದೆ ಮಾತಾಡಿದರು. ಎರಡು ವಾರದ ಮೇಲೆ ಕೇಂದ್ರ ಕಚೇರಿಯಿಂದ ಪತ್ರ ಬಂತು. ಆತಿಥೇಯ ಸರ್ಕಾರದ ಮನಸ್ಸಿಗೆ ನೋವಾಗಿದೆ, ಆದ್ದರಿಂದ ಇನ್ನು ಮುಂದೆ ತಂಡದ ಮುಖ್ಯಸ್ಥ ಯೆನ್ಸ್, ನಾನು ಸಲಹೆಗಾರ್ತಿ. ಯೆನ್ಸ್ ಪತ್ರ ಓದಿ ನನಗಿಂತ ಹೆಚ್ಚು ಅತ್ತ. ಈಗಲೂ ಕಾಫಿಗೆ ಹೋಗುವ ಮುಂಚೆ ನನ್ನ ಅಪ್ಪಣೆ ಕೇಳುತ್ತಾನೆ.

ಆದರೆ ಈ ತಿಂಗಳ ಸಂಬಳ ಬಂತು ಮುನಿ. ಎಲ್ಲರಿಗೂ. ನಾನು ಎಸ್ತೆರ್‌ಳ ಜಿಲ್ಲೆಗೆ ಹೋಗಿ ಸಂಬಳ ಕೊಡುವ ಕಿಟಕಿಯ ಹತ್ತಿರ ನಿಂತಿದ್ದೆ. ಕೃತಜ್ಞತೆ ನಿರೀಕ್ಷಿಸಿರಲಿಲ್ಲ ಎಂದರೆ ಸುಳ್ಳು. ಅವಳು ನೋಟು ಎರಡು ಸಲ ಎಣಿಸಿ, ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆ ತಿರುಗಿ, "ಸರಿ. ಉಳಿದ ತಿಂಗಳುಗಳದ್ದು?" ಎಂದಳು.

"ಬರುತ್ತದೆ" ಎಂದೆ.

"ಯಾವಾಗ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲಿಲ್ಲ. "ಬೇಗ" ಎಂದೆ. ಅವಳ ಮುಖ ನೋಡಬೇಕಿತ್ತು. ಆ "ಬೇಗ"ವನ್ನು ಅವಳು ಬಹಳ ಸಲ ಕೇಳಿದ್ದಾಳೆ.

ದಣಿದಿದ್ದೇನೆ. ರಾಜೀನಾಮೆ ಬರೆದಿಟ್ಟಿದ್ದೇನೆ. ಜನವರಿ ಕೊನೆಗೆ ಊರಿಗೆ ಬರುತ್ತೇನೆ. ನಿನ್ನ ಮನೆಯ ಪಡಸಾಲೆಯಲ್ಲಿ ಒಂದು ತಿಂಗಳು ಮಲಗಲು ಬಿಡು.

ನಿನ್ನ,
ಗಂಗಾ


ಸೊಣ್ಣೇನಹಳ್ಳಿ
4 ಜನವರಿ 1988

ಗಂಗಾ,

ನಿನ್ನ ಕಾಗದ ಬಂದ ದಿನ ನಮ್ಮೋರು ಪಡಸಾಲೆಗೆ ಸುಣ್ಣ ಹೊಡೆದರು. ನಾನು ಬಂಗಾರಪೇಟೆಗೆ ಹೋಗಿ ಹೊಸ ಚಾಪೆ, ನಿನಗೆ ಅಂತ ಒಂದು ಉಣ್ಣೆ ಶಾಲು ತಂದೆ. ಬೊಂಬಾಯಿ ಗಾಡಿ ಇಳಿದರೆ ಇಲ್ಲಿಗೆ ಯಾವ ಗಾಡಿ ಅಂತ ಸ್ಟೇಷನ್ನಲ್ಲಿ ಕೇಳಿ ಕೈ ಮೇಲೆ ಬರ್ಕೊಂಡು ಬಂದೆ. ಇಪ್ಪತ್ತೆರಡು ವರ್ಷದ ಮಾತು ಒಂದು ತಿಂಗಳಲ್ಲಿ ಮುಗಿಯುತ್ತಾ ಅಂತ ಲೆಕ್ಕ ಹಾಕಿದೆ. ಮುಗಿಯಲ್ಲ.

ಆಮೇಲೆ ಕಾಗದ ಇನ್ನೊಂದು ಸಲ ಓದಿದೆ.

ಬರಬೇಡ.

ಚಿಕ್ಕಮುನಿಯಪ್ಪ ಹದಿನೈದು ವರ್ಷ ಎಲ್ಲರಿಗೂ "ಬೇಗ" ಅಂತಿದ್ದ ಕಣೇ. ನನಗೂ ಅಂದಿದಾನೆ. ಅದನ್ನ ಕೇಳಿಸಿಕೊಂಡು ವಾಪಸ್ ನಡೆಯೋ ದಾರಿ ಎಷ್ಟು ಉದ್ದ ಅಂತ ನನಗೆ ಗೊತ್ತು. ಮುಖ್ಯಸ್ಥೆ ಅಂತ ಬಾಗಿಲ ಮೇಲೆ ಇದ್ದರೆಷ್ಟು, ಬಿಟ್ಟರೆಷ್ಟು. ಆ ಯೆನ್ಸ್ ನಿನ್ನ ಮಾತು ಕೇಳ್ತಾನೆ ಅಂತ ನೀನೇ ಬರೆದಿದೀಯ. ಆ ಮುದುಕಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಬಾ. ಅದಕ್ಕೆ ಮುಂಚೆ ಬಂದರೆ ಬಾಗಿಲು ತೆಗೆಯಲ್ಲ. ನಮ್ಮೋರು ತೆಗೀತೀನಿ ಅಂತಿದಾರೆ, ಅವರಿಗೂ ಬಿಡಲ್ಲ.

ಶಾಲು ಪೆಟ್ಟಿಗೇಲಿಟ್ಟು ನುಸಿಗುಳಿಗೆ ಹಾಕಿದೀನಿ.

ಇಂತಿ ನಿನ್ನ,
ಮುನಿ


ಬೊಂಬಾಯಿ
ಸೋಮವಾರ, 19 ಸೆಪ್ಟೆಂಬರ್ 1988

ಮುನಿ,

ಎಂಟು ತಿಂಗಳು ಹಿಡಿಯಿತು. ಯೆನ್ಸ್ ಸೈನ್ ಹಾಕಿದ, ನಾನು ಜಿಲ್ಲೆ ಜಿಲ್ಲೆ ಸುತ್ತಿದೆ, ಮಂತ್ರಿಗಳು ಬದಲಾದರು. ಹೊಸಬರು ಚಹಾ ಕೊಟ್ಟರು. ಹೋದ ವಾರ ಎಲ್ಲ ಬಾಕಿ ಸಂದಾಯವಾಯಿತು. ಎಸ್ತೆರ್‌ಗೆ ನಾನೇ ಕಿಟಕಿಯ ಹತ್ತಿರ ನಿಂತು ಕೊಡಿಸಿದೆ. ಎರಡು ಸಲ ಎಣಿಸಿದಳು. ಹೆಬ್ಬೆಟ್ಟು ಒತ್ತಿದಳು. ಸ್ಪ್ಯಾನರ್ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡು, ಬಹಳ ಹೊತ್ತು ಮುಖ ನೋಡಿ, ಮೆಲ್ಲಗೆ ಕೇಳಿದಳು:

"ಬಡ್ಡಿ?"

ಆವತ್ತೇ ಟಿಕೆಟ್ ತೆಗೆದೆ. ಗುರುವಾರ ಬಂಗಾರಪೇಟೆಯಲ್ಲಿ ಇಳಿಯುತ್ತೇನೆ. ಬಾಗಿಲು ತೆಗೆ.

ಗಂಗಾ